ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಹೋಲಿಕೆ: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದು ಕಾಲೇಜು ಶುರುವಾಗುವ ಹೊತ್ತಿಗೆ ಡೊಂಬಿವಲಿ, ಥಾಣೆ, ಮಾಟುಂಗದ ಕನ್ನಡ ಮನೆಗಳಿಂದ ನನಗೆ ಕರೆಗಳು ಬರತೊಡಗುತ್ತವೆ. ಹೆಚ್ಚಿನವರ ಪ್ರಶ್ನೆ ಒಂದೇ: ‘ಐ5 ತೆಗೆದುಕೊಳ್ಳುವುದೋ, ಐ7 ತೆಗೆದುಕೊಳ್ಳುವುದೋ?’ ಕೇಳಿದ ರೀತಿಯಲ್ಲೇ ಈ ಪ್ರಶ್ನೆಗೆ ಉತ್ತರಿಸಲು ಸಾಧ್ಯವಿಲ್ಲ, ಏಕೆಂದರೆ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವ ಆ ಹೆಸರು ಪ್ರೊಸೆಸರ್‌ನ, ಅಂದರೆ ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಮುಖ್ಯ ಚಿಪ್‌ನ, ಬಗ್ಗೆ ಹೇಳುವುದು ತೀರ ಕಡಿಮೆ. ಹೇಳಬೇಕಾದದ್ದೆಲ್ಲ ಅದರ ಪಕ್ಕದ ಸಣ್ಣ ಅಕ್ಷರದ ಪೂರ್ತಿ ಮಾದರಿ ಸಂಖ್ಯೆಯಲ್ಲಿದೆ. ವರ್ಷಗಳಿಂದ ಬಾಯಿಮಾತಿನಲ್ಲಿ ಕೊಟ್ಟ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಐ3ಕ್ಕಿಂತ ಐ5, ಐ5ಕ್ಕಿಂತ ಐ7 ಮೇಲು ಎನ್ನುವುದು ನಿಜವಲ್ಲವೇ?

ಒಂದೇ ತಲೆಮಾರಿನ, ಒಂದೇ ವರ್ಗದ ಪ್ರೊಸೆಸರ್‌ಗಳನ್ನು ಅಕ್ಕಪಕ್ಕ ಇಟ್ಟಾಗ ಮಾತ್ರ ಅದು ಬಹುಮಟ್ಟಿಗೆ ನಿಜ. ತಲೆಮಾರು ಬದಲಾದರೆ ಲೆಕ್ಕ ತಲೆಕೆಳಗಾಗುತ್ತದೆ.

ನಮ್ಮ ಪರಿಚಯದ ಮನೆಯೊಂದರಲ್ಲಿ ಮಗಳ ಇಂಜಿನಿಯರಿಂಗ್ ಓದಿಗೆಂದು ತಂದೆ ‘ಐ7 ಲ್ಯಾಪ್‌ಟಾಪ್’ ಒಂದನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ಸಂತೋಷದಿಂದ ತಂದಿದ್ದರು. ಕಚೇರಿಗಳಲ್ಲಿ ಬಳಸಿ ಬಿಟ್ಟದ್ದನ್ನು ದುರಸ್ತಿ ಮಾಡಿ ಮಾರುವ ಅಂಗಡಿಯ ಸರಕು ಅದು. ಸೆಟ್ಟಿಂಗ್ಸ್ ತೆರೆದು ನೋಡಿದರೆ ಒಳಗಿದ್ದದ್ದು ಐ7-6600ಯು. ಅದು 2015ರ ಆರನೆಯ ತಲೆಮಾರಿನ ಪ್ರೊಸೆಸರ್. ಅದರಲ್ಲಿರುವುದು ಎರಡೇ ಕೋರ್, ನಾಲ್ಕು ಥ್ರೆಡ್ (ಕೋರ್, ಥ್ರೆಡ್ ಎಂದರೇನೆಂದು ಮುಂದೆ ಹೇಳಿದ್ದೇನೆ). 2022ರಲ್ಲಿ ಬಂದ ಐ3-1215ಯು ಎಂಬ ಸಾಮಾನ್ಯ ಪ್ರೊಸೆಸರ್‌ನಲ್ಲಿ ಆರು ಕೋರ್, ಎಂಟು ಥ್ರೆಡ್ ಇವೆ, ಮತ್ತು ಒಂದೊಂದು ಕೋರ್‌ನ ಕೆಲಸವೂ ಆ ಹಳೆಯ ಐ7ಕ್ಕಿಂತ ಚುರುಕು. ಅಲ್ಲದೆ ಆರನೆಯ ತಲೆಮಾರಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ಅಂಗಡಿಯವರು ಸುಳ್ಳು ಹೇಳಲಿಲ್ಲ, ಐ7 ಎಂದರು, ಅದು ಐ7 ಆಗಿಯೇ ಇತ್ತು. ಆದರೆ ಆ ಹುಡುಗಿ ನಾಲ್ಕು ವರ್ಷ ಅದರ ಮುಂದೆ ಕುಳಿತು ಓದಬೇಕಾಗಿತ್ತು. ಈ ಘಟನೆ ನನ್ನನ್ನು ಇಂದಿಗೂ ಕಾಡುತ್ತದೆ. ಹಣ ಕೊಡುವ ಮೊದಲು ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಪೂರ್ತಿ ಮಾದರಿ ಸಂಖ್ಯೆಯನ್ನು ಓದುವುದು ಹೇಗೆ?

ಇಂಟೆಲ್‌ನ ಐ5-12400 ಎಂಬುದನ್ನು ತೆಗೆದುಕೊಳ್ಳೋಣ. ಮೊದಲ ಎರಡು ಅಂಕಿ, ಅಂದರೆ 12, ತಲೆಮಾರನ್ನು ಹೇಳುತ್ತದೆ. ಉಳಿದ 400 ಆ ತಲೆಮಾರಿನೊಳಗಿನ ಸ್ಥಾನ. ಲ್ಯಾಪ್‌ಟಾಪಿನ ಐ5-1235ಯು ಕೂಡ ಹನ್ನೆರಡನೆಯ ತಲೆಮಾರಿನದೇ, ಆದರೆ ಕೊನೆಯ ‘ಯು’ ಅಕ್ಷರ ಅದನ್ನು ಬೇರೆಯೇ ವರ್ಗಕ್ಕೆ ಸೇರಿಸುತ್ತದೆ. ಯು ಎಂದರೆ ಕಡಿಮೆ ವಿದ್ಯುತ್ತಿನ ತೆಳು ಲ್ಯಾಪ್‌ಟಾಪ್‌ಗಳಿಗೆ. ಎಚ್ ಎಂದರೆ ಹೆಚ್ಚು ಶಕ್ತಿಯ, ಹೆಚ್ಚು ಕಾವಿನ ಲ್ಯಾಪ್‌ಟಾಪ್‌ಗಳಿಗೆ. ಎಚ್‌ಎಕ್ಸ್ ಎಂದರೆ ಅದಕ್ಕೂ ಮೇಲಿನವು. ಡೆಸ್ಕ್‌ಟಾಪಿನಲ್ಲಿ ಕೆ ಎಂದರೆ ವೇಗವನ್ನು ಬಳಕೆದಾರರೇ ಏರಿಸಿಕೊಳ್ಳಬಹುದಾದದ್ದು, ಟಿ ಎಂದರೆ ಕಡಿಮೆ ವಿದ್ಯುತ್ತಿನದು, ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲದ್ದು.

ಈ ಕೊನೆಯ ಅಕ್ಷರವನ್ನು ನಾನು ತಲೆಮಾರಿನಷ್ಟೇ ಮುಖ್ಯವೆಂದು ಪರಿಗಣಿಸುತ್ತೇನೆ. ಐ5-1235ಯು ಮತ್ತು ಐ7-1255ಯು ಎರಡರಲ್ಲೂ ಇರುವುದು ಹತ್ತು ಕೋರ್, ಹನ್ನೆರಡು ಥ್ರೆಡ್. ಕ್ಯಾಶ್, ಅಂದರೆ ಪ್ರೊಸೆಸರ್‌ನ ಒಳಗಿನ ಸಣ್ಣ ಚುರುಕು ನೆನಪು, ಕೂಡ ಒಂದೇ ಅಳತೆಯದು. ಗರಿಷ್ಠ ವೇಗ ಮೊದಲನೆಯದರಲ್ಲಿ 4.4 ಗಿಗಾಹರ್ಟ್ಸ್, ಎರಡನೆಯದರಲ್ಲಿ 4.7. ದಿನಬಳಕೆಯಲ್ಲಿ ಕಣ್ಣಿಗೆ ಬೀಳದ ಈ ವ್ಯತ್ಯಾಸಕ್ಕೆ ಐ7 ಎಂಬ ಹೆಸರಿನ ಬೆಲೆ ತೆರುವ ಬದಲು ಆ ಹಣವನ್ನು 16 ಜಿಬಿ ರ್‍ಯಾಮ್‌ಗೆ ಹಾಕಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ 7000 ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಅಲ್ಲಿ ಮೊದಲ ಅಂಕಿ ಮಾರಾಟದ ಸರಣಿಯನ್ನು ಮಾತ್ರ ಸೂಚಿಸುತ್ತದೆ. ಒಳಗಿನ ವಿನ್ಯಾಸ ಯಾವ ಕಾಲದ್ದು ಎಂಬುದು ಮೂರನೆಯ ಅಂಕಿಯಲ್ಲಿದೆ. ರೈಜೆನ್ 5 7520ಯುನಲ್ಲಿ ಮೂರನೆಯ ಅಂಕಿ 2. ಅಂದರೆ ಡೆಸ್ಕ್‌ಟಾಪ್‌ಗಳಿಗೆ 2019ರಲ್ಲೇ ಬಂದಿದ್ದ ಝೆನ್ 2 ವಿನ್ಯಾಸ, ಅದೂ ನಾಲ್ಕು ಕೋರ್. ರೈಜೆನ್ 5 7530ಯು ಝೆನ್ 3 ವಿನ್ಯಾಸದ ಆರು ಕೋರ್‌ನದು. ರೈಜೆನ್ 5 7540ಯು ಝೆನ್ 4. ಮೂರೂ ‘ರೈಜೆನ್ 5, 7000 ಸರಣಿ’ ಎಂದೇ ಅಂಗಡಿಯಲ್ಲಿ ಸಾಲಾಗಿ ನಿಂತಿರುತ್ತವೆ.

ಇಂಟೆಲ್ 2023ರ ಕೊನೆಯಿಂದ ‘ಐ’ ಅಕ್ಷರವನ್ನು ಬಿಟ್ಟು ಕೋರ್ ಅಲ್ಟ್ರಾ 5, ಕೋರ್ ಅಲ್ಟ್ರಾ 7 ಎಂಬ ಹೆಸರುಗಳನ್ನು ತಂದಿತು. ಅಲ್ಟ್ರಾ ಎಂಬ ಪದವಿಲ್ಲದ ಕೋರ್ 5 120ಯು, ಕೋರ್ 7 150ಯು ಮುಂತಾದವು ಹೆಸರಿನಲ್ಲಿ ಹೊಸವಾದರೂ ಹಿಂದಿನ ತಲೆಮಾರಿನ ವಿನ್ಯಾಸದವೇ.

ಕೋರ್ ಎಂದರೇನು, ಥ್ರೆಡ್ ಎಂದರೇನು? ಎಷ್ಟಿರಬೇಕು?

ಹೋಟೆಲಿನ ಅಡುಗೆಮನೆಯನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಕೋರ್ ಎಂದರೆ ಕಾವಲಿಯ ಮುಂದೆ ನಿಂತ ಒಬ್ಬ ಭಟ್ಟರು. ಒಂದು ದೋಸೆ ಬೇಯುವವರೆಗೆ ಕೈಕಟ್ಟಿ ನಿಲ್ಲದೆ ಅದೇ ಭಟ್ಟರು ಪಕ್ಕದ ಕಾವಲಿಯ ಮೇಲೆ ಇನ್ನೊಂದು ಹುಯ್ಯುತ್ತಾರಲ್ಲ, ಆ ಎರಡನೆಯ ಕಾವಲಿ ಥ್ರೆಡ್. ಅದರಿಂದ ಕೆಲಸ ಹೆಚ್ಚು ಸಾಗುತ್ತದೆ, ಆದರೆ ಇಬ್ಬರು ಭಟ್ಟರಷ್ಟು ಸಾಗುವುದಿಲ್ಲ. ಹಾಗಾಗಿ ನಾಲ್ಕು ಕೋರ್, ಎಂಟು ಥ್ರೆಡ್ ಇರುವುದನ್ನು ಎಂಟು ಕೋರ್ ಇರುವುದಕ್ಕೆ ಸಮವೆಂದು ಎಣಿಸಬಾರದು.

ಎಷ್ಟು ಕೋರ್ ಬೇಕೆಂಬುದು ಕೆಲಸವನ್ನು ಪಾಲು ಮಾಡಲು ಬರುತ್ತದೆಯೇ ಎಂಬುದನ್ನು ಅವಲಂಬಿಸಿದೆ. ನೂರು ಜನರಿಗೆ ದೋಸೆ ಹಾಕಲು ಹತ್ತು ಭಟ್ಟರಿದ್ದರೆ ಬೇಗ ಮುಗಿಯುತ್ತದೆ. ಒಂದು ದೋಸೆಯನ್ನು ಹತ್ತು ಜನ ಸೇರಿ ಹುಯ್ದರೆ ಅದು ಬೇಗ ಬೇಯುವುದಿಲ್ಲ. ಬ್ಲೆಂಡರ್ ಎಂಬ ಮೂರು ಆಯಾಮದ ವಿನ್ಯಾಸದ ತಂತ್ರಾಂಶದಲ್ಲಿ ದೃಶ್ಯಗಳನ್ನು ರೆಂಡರ್ ಮಾಡುವುದು, ದೊಡ್ಡ ಪ್ರೋಗ್ರಾಂಗಳನ್ನು ಕಂಪೈಲ್ ಮಾಡುವುದು, ವಿಡಿಯೊ ರಫ್ತು ಮಾಡುವುದು ನೂರು ದೋಸೆಯ ಜಾತಿಯ ಕೆಲಸಗಳು. ಆಟೋಕ್ಯಾಡ್‌ನ ಬಹುಪಾಲು ಕೆಲಸ, ಹೋಟೆಲು ಮತ್ತು ಅಂಗಡಿಗಳ ಲೆಕ್ಕಪತ್ರ, ಆಮಂತ್ರಣ ಪತ್ರಿಕೆ ಹಾಗೂ ಸಂಘಗಳ ಸ್ಮರಣ ಸಂಚಿಕೆಗಳ ಪುಟವಿನ್ಯಾಸ ಮುಂತಾದವು ಒಂದು ದೋಸೆಯ ಜಾತಿಗೆ ಸೇರುತ್ತವೆ. ಅವುಗಳಿಗೆ ಒಂದೊಂದು ಕೋರ್ ಎಷ್ಟು ಚುರುಕಾಗಿದೆ ಎಂಬುದೇ ಮುಖ್ಯ.

ಕೆಲಸವನ್ನು ಹಂಚಿಕೊಂಡು ಮಾಡುವ ಈ ವಿದ್ಯೆಯಲ್ಲಿ ನಮ್ಮ ನೆರೆಯ ಪುಣೆಗೆ ಒಂದು ಗೌರವದ ಸ್ಥಾನವಿದೆ. 1988ರಲ್ಲಿ ಅಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ, ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ, ಅನೇಕ ಸಣ್ಣ ಪ್ರೊಸೆಸರ್‌ಗಳನ್ನು ಜೋಡಿಸಿ 1991ರಲ್ಲಿ ಪರಮ್ 8000 ಸೂಪರ್ ಕಂಪ್ಯೂಟರನ್ನು ಕಟ್ಟಿತು. ಅಂದು ಅಷ್ಟು ಶ್ರಮದಿಂದ ಸಾಧಿಸಿದ ತತ್ತ್ವ ಇಂದು ಮಕ್ಕಳ ಚೀಲದೊಳಗಿನ ಲ್ಯಾಪ್‌ಟಾಪಿನಲ್ಲೂ ಕೆಲಸ ಮಾಡುತ್ತಿದೆ ಎಂದು ನೆನೆದಾಗ ಹೆಮ್ಮೆಯಾಗುತ್ತದೆ.

ಸಾಮಾನ್ಯ ಕುಟುಂಬಕ್ಕೆ, ಕಚೇರಿಗೆ, ಆನ್‌ಲೈನ್ ತರಗತಿಗೆ ಹೊಸ ತಲೆಮಾರಿನ ನಾಲ್ಕರಿಂದ ಆರು ಕೋರ್ ಸಾಕು. ಇಂಜಿನಿಯರಿಂಗ್ ವಿದ್ಯಾರ್ಥಿಗೆ ಆರರಿಂದ ಎಂಟು ಇರಲಿ.

ಗಿಗಾಹರ್ಟ್ಸ್ ಹೆಚ್ಚಿದ್ದರೆ ವೇಗ ಹೆಚ್ಚಲ್ಲವೇ?

ಒಂದೇ ವಿನ್ಯಾಸದ ಎರಡು ಪ್ರೊಸೆಸರ್‌ಗಳ ನಡುವೆ ಹೌದು, ಬೇರೆ ಬೇರೆ ವಿನ್ಯಾಸಗಳ ನಡುವೆ ಇಲ್ಲ. 2004ರ ಪೆಂಟಿಯಂ 4 3.8 ಗಿಗಾಹರ್ಟ್ಸ್‌ವರೆಗೆ ಏರಿತ್ತು. 2006ರಲ್ಲಿ ಬಂದ ಕೋರ್ 2 ಡುಯೊ 2.4 ಗಿಗಾಹರ್ಟ್ಸ್‌ನಲ್ಲೇ ಅದನ್ನು ಹಿಂದೆ ಹಾಕಿತು. ಗಿಗಾಹರ್ಟ್ಸ್ ಹೇಳುವುದು ಪ್ರೊಸೆಸರ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬುದನ್ನು. ಪ್ರತಿ ಮಿಡಿತಕ್ಕೆ ಎಷ್ಟು ಕೆಲಸ ಮುಗಿಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಇನ್ನೊಂದು ಮಾತು: ಪೆಟ್ಟಿಗೆಯ ಮೇಲಿನ ‘4.4 ಗಿಗಾಹರ್ಟ್ಸ್‌ವರೆಗೆ’ ಎಂಬುದರಲ್ಲಿ ‘ವರೆಗೆ’ ಎಂಬ ಪದವನ್ನೂ ಓದಬೇಕು. ಅದು ಸಾಮಾನ್ಯವಾಗಿ ಒಂದೆರಡು ಕೋರ್‌ಗಳು ಸ್ವಲ್ಪ ಹೊತ್ತು ಮುಟ್ಟುವ ವೇಗ.

ಹತ್ತು ಕೋರ್ ಎಂದು ಬರೆದಿದ್ದರೂ ಎರಡು ಮಾತ್ರ ದೊಡ್ಡವು ಎನ್ನುತ್ತಾರಲ್ಲ?

ನಿಜ. 2021ರ ಕೊನೆಯಲ್ಲಿ ಬಂದ ಹನ್ನೆರಡನೆಯ ತಲೆಮಾರಿನಿಂದ ಇಂಟೆಲ್ ತನ್ನ ಅನೇಕ ಪ್ರೊಸೆಸರ್‌ಗಳಲ್ಲಿ ಎರಡು ಬಗೆಯ ಕೋರ್‌ಗಳನ್ನು ಬೆರೆಸುತ್ತಿದೆ: ಭಾರದ ಕೆಲಸಕ್ಕೆ ಪಿ-ಕೋರ್, ಕಡಿಮೆ ವಿದ್ಯುತ್ತಿನಲ್ಲಿ ಹಿನ್ನೆಲೆಯ ಕೆಲಸ ನಡೆಸಲು ಇ-ಕೋರ್. ಐ5-1235ಯುನಲ್ಲಿ ಪಿ-ಕೋರ್ ಎರಡು, ಇ-ಕೋರ್ ಎಂಟು. ಐ5-12500ಎಚ್‌ನಲ್ಲಿ ನಾಲ್ಕು ಪಿ, ಎಂಟು ಇ. ಡೆಸ್ಕ್‌ಟಾಪಿನ ಐ5-12400ರಲ್ಲಿ ಆರೂ ಪಿ-ಕೋರ್‌ಗಳೇ. ಒಟ್ಟು ಸಂಖ್ಯೆಯನ್ನಷ್ಟೇ ನೋಡಿ ಹತ್ತು ಆರಕ್ಕಿಂತ ದೊಡ್ಡದು ಎಂದುಕೊಳ್ಳುವುದು ಬೇಡ.

ಡೆಸ್ಕ್‌ಟಾಪ್ ಐ5 ಮತ್ತು ಲ್ಯಾಪ್‌ಟಾಪ್ ಐ5 ಒಂದೇ ಅಲ್ಲವೇ?

ಅಲ್ಲ. ಐ5-12400ರ ಮೂಲ ವಿದ್ಯುತ್ ಮಿತಿ 65 ವಾಟ್, ಐ5-1235ಯುನದು 15 ವಾಟ್. ಎರಡೂ ಸ್ವಲ್ಪ ಹೊತ್ತು ಆ ಮಿತಿಯನ್ನು ಮೀರಬಲ್ಲವು, ಆದರೆ ಹದಿನೈದು ನಿಮಿಷ, ಅರ್ಧ ಗಂಟೆ ಎಡೆಬಿಡದೆ ದುಡಿಯಬೇಕಾಗಿ ಬಂದಾಗ ಡೆಸ್ಕ್‌ಟಾಪ್ ತನ್ನ ವೇಗವನ್ನು ಉಳಿಸಿಕೊಳ್ಳುತ್ತದೆ, ತೆಳು ಲ್ಯಾಪ್‌ಟಾಪ್ ಕಾವಿಗೆ ಹೆದರಿ ನಿಧಾನವಾಗುತ್ತದೆ. ಅದೇ ಪ್ರೊಸೆಸರ್ ಇರುವ ಎರಡು ಲ್ಯಾಪ್‌ಟಾಪ್‌ಗಳ ನಡುವೆಯೂ ಫ್ಯಾನ್ ಮತ್ತು ಕಾವು ಹೊರಹಾಕುವ ಲೋಹದ ಹೀಟ್‌ಸಿಂಕ್ ಹೇಗಿವೆ, ತಯಾರಕರು ಎಷ್ಟು ವಾಟ್ ಬಿಟ್ಟಿದ್ದಾರೆ ಎಂಬುದರ ಮೇಲೆ ವೇಗ ಬದಲಾಗುತ್ತದೆ. ಲ್ಯಾಪ್‌ಟಾಪಿನ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುವುದರಿಂದ ಮುಂದೆ ಬದಲಿಸಲಾಗುವುದಿಲ್ಲ ಎಂಬುದೂ ನೆನಪಿರಲಿ.

ವಿದ್ಯುತ್ ಬಿಲ್ಲಿನ ದೃಷ್ಟಿಯಿಂದ ಲ್ಯಾಪ್‌ಟಾಪಿನದೇ ಮೇಲುಗೈ. 150 ವಾಟ್ ಎಳೆಯುವ ಡೆಸ್ಕ್‌ಟಾಪ್ ದಿನಕ್ಕೆ ಎಂಟು ಗಂಟೆ ನಡೆದರೆ ತಿಂಗಳಿಗೆ 36 ಯೂನಿಟ್. 30 ವಾಟಿನ ಲ್ಯಾಪ್‌ಟಾಪ್ ಅಷ್ಟೇ ಹೊತ್ತು ನಡೆದರೆ 7 ಯೂನಿಟ್‌ನ ಆಸುಪಾಸು. ಚರ್ಚ್‌ಗೇಟ್‌ವರೆಗೋ ಸಿಎಸ್‌ಟಿವರೆಗೋ ಲೋಕಲ್‌ನಲ್ಲಿ ಹೋಗಿಬರುವವರಿಗೆ ಬೇರೆ ಆಯ್ಕೆಯೇ ಇಲ್ಲ. ಆದರೆ ಕಂಪ್ಯೂಟರು ಮನೆ ಬಿಟ್ಟು ಕದಲುವುದೇ ಇಲ್ಲವೆಂದಾದರೆ ಅದೇ ಹಣಕ್ಕೆ ಡೆಸ್ಕ್‌ಟಾಪ್ ಹೆಚ್ಚು ಕೊಡುತ್ತದೆ, ಹೆಚ್ಚು ವರ್ಷ ಬಾಳುತ್ತದೆ.

ಮುಂಬಯಿಯ ಸೆಕೆ ಪ್ರೊಸೆಸರ್ ಮೇಲೆ ಪರಿಣಾಮ ಬೀರುತ್ತದೆಯೇ?

ಖಂಡಿತ ಬೀರುತ್ತದೆ, ಮತ್ತು ಪ್ರೊಸೆಸರ್‌ಗಳನ್ನು ಹೋಲಿಸುವಾಗ ಹೆಚ್ಚಿನವರು ಇದನ್ನು ಮರೆಯುತ್ತಾರೆ. ಫ್ಯಾನ್ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. 22 ಡಿಗ್ರಿಯ ಎಸಿ ಕೋಣೆಯಲ್ಲಿ 80 ಡಿಗ್ರಿಯಲ್ಲಿ ನಿಲ್ಲುವ ಪ್ರೊಸೆಸರ್, ಮೇ ತಿಂಗಳ 35 ಡಿಗ್ರಿಯ ಕೋಣೆಯಲ್ಲಿ 93ರ ಹತ್ತಿರ ಹೋಗುತ್ತದೆ. ಇಂಟೆಲ್‌ನ ಬಹುತೇಕ ಪ್ರೊಸೆಸರ್‌ಗಳು 100 ಡಿಗ್ರಿಯ ಸುಮಾರಿಗೆ, ರೈಜೆನ್ 7000 ಡೆಸ್ಕ್‌ಟಾಪ್ ಸರಣಿಯ ಬಹುತೇಕ ಪ್ರೊಸೆಸರ್‌ಗಳು 95ರ ಸುಮಾರಿಗೆ ತಮ್ಮನ್ನು ಕಾಪಾಡಿಕೊಳ್ಳಲು ತಾವಾಗಿಯೇ ವೇಗ ಇಳಿಸುತ್ತವೆ. ನಮ್ಮ ಹವೆಯಲ್ಲಿ ತೆಳು ಲ್ಯಾಪ್‌ಟಾಪಿನೊಳಗಿನ ದೊಡ್ಡ ಪ್ರೊಸೆಸರ್‌ಗಿಂತ, ಗಾಳಿ ಆಡುವ ದಪ್ಪ ಲ್ಯಾಪ್‌ಟಾಪಿನೊಳಗಿನ ಮಧ್ಯಮ ಪ್ರೊಸೆಸರ್ ಎಷ್ಟೋ ಮೇಲು.

ಮಾಟುಂಗದ ಒಂದು ಹೋಟೆಲಿನ ಶೆಟ್ಟರು ಬಿಲ್ಲಿಂಗ್ ಕಂಪ್ಯೂಟರ್ ಬಹಳ ನಿಧಾನವಾಗಿದೆ, ಐ7 ಹಾಕಿಸಿಬಿಡಿ ಎಂದು ಹೇಳಿಕಳುಹಿಸಿದ್ದರು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಗಲ್ಲೆಯ ಕೆಳಗಿಂದ ಕ್ಯಾಬಿನೆಟ್ ಎಳೆದು ಪಕ್ಕದ ಮುಚ್ಚಳ ತೆಗೆದೆ. ಒಗ್ಗರಣೆಯ ಎಣ್ಣೆಯ ಹಬೆ ಮತ್ತು ರಸ್ತೆಯ ಧೂಳು ಬೆರೆತು ಹೀಟ್‌ಸಿಂಕ್‌ನ ಅಲಗುಗಳ ಮೇಲೆ ಕಂಬಳಿಯಂಥ ಕಂದು ಪದರ ಕಟ್ಟಿತ್ತು. ಬೆರಳಿನಿಂದ ಎಳೆದರೆ ಇಡಿಯಾಗಿ ಎದ್ದುಬಂತು. ಪ್ರೊಸೆಸರ್‌ನ ಕಾವನ್ನು ಹೀಟ್‌ಸಿಂಕ್‌ಗೆ ದಾಟಿಸುವ ಅಡಿಯ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಂತೆ ಉದುರಿತು. ಬಿಲ್ ಮಾಡುವಾಗಲೇ 90 ಡಿಗ್ರಿ ದಾಟುತ್ತಿದ್ದ ಆ ಹಳೆಯ ಐ3, ತೊಳೆದ ಹೀಟ್‌ಸಿಂಕ್, ಹೊಸ ಪೇಸ್ಟ್, ಹೊಸ ಫ್ಯಾನ್ ಹಾಕಿದ ಮೇಲೆ 55ರ ಆಸುಪಾಸಿಗೆ ಇಳಿಯಿತು. ಶೆಟ್ಟರಿಗೆ ಹೊಸ ಪ್ರೊಸೆಸರ್ ಬೇಕಾಗಲೇ ಇಲ್ಲ. ಕಡಲ ಹತ್ತಿರದ ಮನೆಗಳಲ್ಲಿ, ಗೋವಾದ ವಾಸ್ಕೊ ಕಡೆಯ ನಮ್ಮವರ ಮನೆಗಳಲ್ಲೂ, ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಲೋಹದ ಭಾಗಗಳನ್ನು ತಿನ್ನುತ್ತವೆ. ವರ್ಷಕ್ಕೊಮ್ಮೆ ಬಿಚ್ಚಿ ಒರೆಸುವುದನ್ನು ತಪ್ಪಿಸಬಾರದು.

ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ?

ಆಟ, ಮೂರು ಆಯಾಮದ ವಿನ್ಯಾಸ, ಯಂತ್ರಕಲಿಕೆಯ ಪ್ರಯೋಗಗಳು ಇದ್ದರೆ ಬೇಕು. ಇಲ್ಲದಿದ್ದರೆ ಪ್ರೊಸೆಸರ್‌ನ ಒಳಗಿರುವುದೇ ಸಾಕು. ಆದರೆ ಒಳಗೆ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಐ5-12400ಎಫ್ ಕಡಿಮೆ ಬೆಲೆಗೆ ಸಿಗುವುದೇ ಅದರಲ್ಲಿ ಗ್ರಾಫಿಕ್ಸ್ ಇಲ್ಲದಿರುವುದರಿಂದ. ಬೇರೆ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ರೈಜೆನ್ 5 5600 ಕೂಡ ಹಾಗೆಯೇ. ಅದರ ಜೊತೆಗಾರ 5600ಜಿ ಗ್ರಾಫಿಕ್ಸ್ ಸಹಿತ ಬರುತ್ತದೆ. ಮದುವೆಯ ವಿಡಿಯೊ, ಯಕ್ಷಗಾನದ ವಿಡಿಯೊ ಸಂಕಲಿಸುವವರು ಗಮನಿಸಬೇಕಾದದ್ದು: ವಿಡಿಯೊವನ್ನು ಬೇಗ ಬಿಡಿಸಿ ಜೋಡಿಸುವ ಇಂಟೆಲ್‌ನ ಕ್ವಿಕ್ ಸಿಂಕ್ ಸೌಲಭ್ಯ ಆ ಒಳಗಿನ ಗ್ರಾಫಿಕ್ಸ್‌ನಲ್ಲೇ ಇರುವುದರಿಂದ ಎಫ್ ಮಾದರಿಯಲ್ಲಿ ಅದೂ ತಪ್ಪಿಹೋಗುತ್ತದೆ.

ಇಂಟೆಲ್ ಒಳ್ಳೆಯದೋ, ಎಎಂಡಿ ಒಳ್ಳೆಯದೋ?

ಎಎಂಡಿ ಎಂದರೆ ಬಿಸಿಯಾಗುತ್ತದೆ, ಕೈಕೊಡುತ್ತದೆ ಎಂಬ ಹಿರಿಯರ ಮಾತು 2017ರಲ್ಲಿ ರೈಜೆನ್ ಬಂದಮೇಲೆ ಹಳೆಯದಾಯಿತು. ಈಗ ಕಂಪನಿಯ ಹೆಸರಿನಿಂದ ತೀರ್ಮಾನಿಸುವುದು ಸರಿಯಲ್ಲ. ಆ ಬೆಲೆಗೆ ಆ ದಿನ ಸಿಗುವ ಎರಡು ಮಾದರಿಗಳನ್ನು ಹೋಲಿಸಬೇಕು.

ಡೆಸ್ಕ್‌ಟಾಪ್ ಕಟ್ಟಿಸುವವರು ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ, ಬಗ್ಗೆ ಯೋಚಿಸಲೇಬೇಕು. ಎಎಂಡಿಯ ಎಎಂ4 ಸಾಕೆಟ್‌ನಲ್ಲಿ ಮೊದಲ ರೈಜೆನ್‌ನಿಂದ 5000 ಸರಣಿಯವರೆಗೆ ಪ್ರೊಸೆಸರ್‌ಗಳು ಬಂದವು. ಆರಂಭದಲ್ಲಿ ಕೊಂಡ ಬೋರ್ಡ್ ಮೇಲೆಯೇ ವರ್ಷಗಳ ನಂತರ ಹೊಸ ಪ್ರೊಸೆಸರ್ ಕೂರಿಸಿಕೊಂಡವರು ಅನೇಕರಿದ್ದಾರೆ. 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ರ್‍ಯಾಮ್ ಮಾತ್ರ ಹೊಂದುತ್ತದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13, 14ನೆಯ ತಲೆಮಾರುಗಳಿಗೆ ಸರಿಹೋಗಿ ಅಲ್ಲಿಗೆ ನಿಂತಿತು. 2024ರ ಕೋರ್ ಅಲ್ಟ್ರಾ 200 ಡೆಸ್ಕ್‌ಟಾಪ್ ಸರಣಿಗೆ ಬೇರೆ ಸಾಕೆಟ್ ಬಂತು.

13 ಮತ್ತು 14ನೆಯ ತಲೆಮಾರಿನ ಶಕ್ತಿಶಾಲಿ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅಧಿಕ ವೋಲ್ಟೇಜ್‌ನಿಂದ ಹಾಳಾಗುವ ದೋಷ ಕಂಡುಬಂದಾಗ ಇಂಟೆಲ್ 2024ರಲ್ಲಿ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ತಂತ್ರಾಂಶ) ತಿದ್ದುಪಡಿಗಳನ್ನು ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಅಂಥದ್ದು ನಿಮ್ಮ ಬಳಿ ಇದ್ದರೆ ಆ ತಿದ್ದುಪಡಿ ಸಿಗಲು ಮದರ್‌ಬೋರ್ಡಿನ ಆರಂಭಿಕ ತಂತ್ರಾಂಶವಾದ ಬಯೋಸ್ ಅನ್ನು ತಡಮಾಡದೆ ನವೀಕರಿಸಿಕೊಳ್ಳಿ.

ಆ್ಯಪಲ್‌ನ ಎಂ ಸರಣಿ, ಸ್ನ್ಯಾಪ್‌ಡ್ರ್ಯಾಗನ್ ಲ್ಯಾಪ್‌ಟಾಪ್‌ಗಳು ಹೇಗೆ?

2020ರ ನವೆಂಬರ್‌ನಲ್ಲಿ ಬಂದ ಎಂ1, ಬ್ಯಾಟರಿ ಬಾಳಿಕೆಯ ಕಲ್ಪನೆಯನ್ನೇ ಬದಲಿಸಿತು. ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್ ಧೂಳಿನ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಇವೂ, 2024ರಿಂದ ಬರುತ್ತಿರುವ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಲ್ಯಾಪ್‌ಟಾಪ್‌ಗಳೂ ಇಂಟೆಲ್, ಎಎಂಡಿಗಳದಕ್ಕಿಂತ ಬೇರೆಯಾದ ಆರ್ಮ್ ವಿನ್ಯಾಸದವು. ಸ್ನ್ಯಾಪ್‌ಡ್ರ್ಯಾಗನ್‌ನಲ್ಲಿ ಹಳೆಯ ವಿಂಡೋಸ್ ತಂತ್ರಾಂಶಗಳು ಅನುವಾದದ ಪದರದ ಮೂಲಕ ಬಹುಮಟ್ಟಿಗೆ ಓಡಿದರೂ, ಹಳೆಯ ಪ್ರಿಂಟರ್ ಡ್ರೈವರ್‌ಗಳು ಮತ್ತು ಯುಎಸ್‌ಬಿ ಡಾಂಗಲ್ ಬೇಡುವ ತಂತ್ರಾಂಶಗಳು ಕೈಕೊಡುವ ಸಂಭವ ಹೆಚ್ಚು. ಹಳೆಯ ಫಾಂಟ್‌ಗಳಲ್ಲಿ ಕನ್ನಡ ಡಿಟಿಪಿ ಮಾಡುವ ಮುದ್ರಣಾಲಯದವರು, ತಮ್ಮ ತಂತ್ರಾಂಶವನ್ನು ಅದೇ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡದೆ ಕೊಳ್ಳಬಾರದು.

ಎನ್‌ಪಿಯು ಇರಲೇಬೇಕೇ?

ಎನ್‌ಪಿಯು ಎಂದರೆ ಕೃತಕ ಬುದ್ಧಿಮತ್ತೆಯ (ಎಐ) ಲೆಕ್ಕಗಳಿಗೆಂದೇ ಪ್ರೊಸೆಸರ್‌ನಲ್ಲಿರುವ ಭಾಗ. ಸದ್ಯಕ್ಕೆ ಅದೊಂದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಅಂತರ್ಜಾಲದ ಪರೀಕ್ಷಾ ಅಂಕಗಳನ್ನು ನಂಬಬಹುದೇ?

ಯಾವ ಅಂಕ ಎಂದು ತಿಳಿದು ನಂಬಬಹುದು. ಸಿನೆಬೆಂಚ್, ಗೀಕ್‌ಬೆಂಚ್ ಎರಡೂ ಒಂದು ಕೋರ್‌ನ ಅಂಕ ಮತ್ತು ಎಲ್ಲ ಕೋರ್‌ಗಳ ಅಂಕವನ್ನು ಬೇರೆ ಬೇರೆಯಾಗಿ ಕೊಡುತ್ತವೆ. ನಿಮ್ಮದು ಒಂದು ದೋಸೆಯ ಕೆಲಸವಾದರೆ ಮೊದಲನೆಯದನ್ನು, ನೂರು ದೋಸೆಯದಾದರೆ ಎರಡನೆಯದನ್ನು ನೋಡಿ. ಶೇಕಡಾ ಐದರ ಅಂತರಕ್ಕೆ ಬೆಲೆ ಕೊಡಬೇಡಿ. ಲ್ಯಾಪ್‌ಟಾಪಿನ ವಿಷಯದಲ್ಲಿ ಪ್ರೊಸೆಸರ್‌ನ ಅಂಕಕ್ಕಿಂತ ಆ ನಿರ್ದಿಷ್ಟ ಲ್ಯಾಪ್‌ಟಾಪ್ ಮಾದರಿಯ ಅಂಕವೇ ನಿಜಕ್ಕೆ ಹತ್ತಿರ.

ವಿಂಡೋಸ್ 10ರ ಬೆಂಬಲ ನಿಂತಿದೆ. ಹಳೆಯ ಕಂಪ್ಯೂಟರನ್ನು ಎಸೆಯಬೇಕೇ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ರೈಜೆನ್ 2000 ಸರಣಿ ಮತ್ತು ಅದರ ಮೇಲಿನದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ನಿಮ್ಮದು ಆ ಗೆರೆಯ ಮೇಲಿದ್ದು ನಿಧಾನವಾಗಿದ್ದರೆ ಪ್ರೊಸೆಸರ್‌ಗೆ ಕೈಹಾಕುವ ಮೊದಲು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ್‍ಯಾಮ್ ಒಂದೇ ಕಡ್ಡಿ ಇದ್ದರೆ ಅದೇ ಅಳತೆಯ ಎರಡನೆಯದನ್ನು ಸೇರಿಸಿ. ಗೆರೆಯ ಕೆಳಗಿದ್ದರೆ ಲಿನಕ್ಸ್ ಹಾಕಿ ಮಕ್ಕಳ ಓದಿಗೆ, ಯೂನಿಕೋಡ್ ಕನ್ನಡ ಬರವಣಿಗೆಗೆ ಇನ್ನೂ ಕೆಲವು ವರ್ಷ ಬಳಸಬಹುದು.

ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಳ್ಳುವಾಗ ಏನನ್ನು ನೋಡಬೇಕು?

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಸಿಗುವ ಈ ರಸ್ತೆಯಲ್ಲಿ ಮೊದಲ ಅಂಗಡಿಯಲ್ಲೇ ಹಣ ಬಿಚ್ಚಬೇಡಿ. ಬೇಕಾದ ಮಾದರಿಯ ಪೂರ್ತಿ ಸಂಖ್ಯೆಯನ್ನು, ಕೊನೆಯ ಅಕ್ಷರವೂ ಸೇರಿದಂತೆ, ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೂರು ನಾಲ್ಕು ಕಡೆ ಅದೇ ಚೀಟಿ ತೋರಿಸಿ. ಬೆಲೆ ಬಹಳ ಕಡಿಮೆ ಹೇಳಿದರೆ ‘ಬಾಕ್ಸ್ ಪೀಸೋ, ಟ್ರೇ ಪೀಸೋ’ ಎಂದು ಕೇಳಿ. ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರ್‌ಗೆ ತಯಾರಕರ ವಾರಂಟಿ ಸಾಮಾನ್ಯವಾಗಿ ಮೂರು ವರ್ಷ ಇರುತ್ತದೆ. ಬಿಡಿಯಾಗಿ ಬರುವ ಟ್ರೇ ಪೀಸಿಗೆ ಅಂಗಡಿಯವರು ಕೊಟ್ಟಷ್ಟೇ ವಾರಂಟಿ.

ಮುದ್ರೆಯನ್ನು ನಿಮ್ಮೆದುರೇ ಒಡೆಯಲು ಹೇಳಿ. ಪ್ರೊಸೆಸರ್‌ನ ಲೋಹದ ಮುಚ್ಚಳದ ಮೇಲೆ ಕೊರೆದ ಮಾದರಿ ಸಂಖ್ಯೆ ಪೆಟ್ಟಿಗೆಯದಕ್ಕೆ ಹೊಂದುತ್ತದೆಯೇ ನೋಡಿ. ಮುಚ್ಚಳದ ಅಂಚಿನಲ್ಲಿ ಬೂದು ಪೇಸ್ಟಿನ ಗುರುತಿದ್ದರೆ ಅದನ್ನು ಮೊದಲೇ ಯಾರೋ ಬಳಸಿದ್ದಾರೆ. ಎಎಂ4 ಪ್ರೊಸೆಸರ್‌ನ ಅಡಿಯಲ್ಲಿ ಸೂಜಿಯಂಥ ಪಿನ್‌ಗಳಿರುತ್ತವೆ, ಬೆಳಕಿಗೆ ಅಡ್ಡ ಹಿಡಿದರೆ ಬಾಗಿದ್ದು ಕೂಡಲೇ ಕಾಣುತ್ತದೆ. ಎಲ್‌ಜಿಎ 1700 ಮತ್ತು ಎಎಂ5ಗಳಲ್ಲಿ ಪಿನ್‌ಗಳು ಇರುವುದು ಮದರ್‌ಬೋರ್ಡಿನಲ್ಲಿ, ಆದ್ದರಿಂದ ಬೋರ್ಡಿನ ಸಾಕೆಟ್ ಮುಚ್ಚಳವನ್ನು ಎತ್ತಿಸಿ ಅಲ್ಲಿ ನೋಡಿ. ಜಿಎಸ್‌ಟಿ ಬಿಲ್ಲಿನಲ್ಲಿ ‘ಪ್ರೊಸೆಸರ್ ಒಂದು’ ಎಂದಷ್ಟೇ ಬರೆಯಲು ಬಿಡದೆ ಪೂರ್ತಿ ಮಾದರಿ ಸಂಖ್ಯೆಯನ್ನೂ ಸೀರಿಯಲ್ ಸಂಖ್ಯೆಯನ್ನೂ ಬರೆಸಿಕೊಳ್ಳಿ, ಮತ್ತು ಅಂಗಡಿಯ ಮೆಟ್ಟಿಲು ಇಳಿಯುವ ಮೊದಲು ಆ ಬಿಲ್ಲಿನ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಬಿಲ್ಲಿನ ಶಾಯಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಳಿಸಿಹೋಗಿರುತ್ತದೆ.